ಮಾತನಾಡುವ ಚಿತ್ರ ಮತ್ತು ಸಾಹಸದ ಬಂಡವಾಳ

ಹೊಸ ಯಂತ್ರವೊಂದು ಲೋಕಕ್ಕೆ ಬಂದುದು ಹೇಗೆಂದು ಕೇಳಿದರೆ ನಾವು ಸಾಮಾನ್ಯವಾಗಿ ಒಬ್ಬ ವಿಜ್ಞಾನಿಯ ಹೆಸರು ಹೇಳಿ ಸುಮ್ಮನಾಗುತ್ತೇವೆ. ಪರೀಕ್ಷೆಯ ಉತ್ತರಕ್ಕೆ ಅಷ್ಟು ಸಾಕು. ಆದರೆ ಪ್ರಯೋಗಶಾಲೆಯ ಮೇಜಿನ ಮೇಲೆ ನಡೆದ ಯಂತ್ರಕ್ಕೂ ಊರೂರಿನ ಜನ ಬಳಸುವ ಯಂತ್ರಕ್ಕೂ ನಡುವೆ ಬಹಳ ದೂರವುಂಟು. ಆ ದೂರವನ್ನು ಕ್ರಮಿಸಲು ಹಣ ಬೇಕು. ಅದೂ ಫಲ ದೊರೆಯುವುದೊ ಇಲ್ಲವೊ ತಿಳಿಯದಿರುವ ಕಾಲದಲ್ಲಿಯೇ ಬೇಕು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರೆಂದು ನಮ್ಮಲ್ಲಿ ನಗುವುದುಂಟು. ಹುಟ್ಟದ ಕೂಸಿಗೆ ಕುಲಾವಿ ಹೊಲಿಸುವ ಈ ಹಣಕ್ಕೆ ಇಂದು 'ಸಾಹಸ ಬಂಡವಾಳ' ಎಂದು ಹೆಸರು. ಅದು ಹೇಗೆ ಕೆಲಸ ಮಾಡುತ್ತದೆ, ಕಂಪನಿಗಳು ಒಂದರಲ್ಲೊಂದು ಏಕೆ ವಿಲೀನವಾಗುತ್ತವೆ ಎಂಬುದನ್ನು ಅರಿಯಲು ವಾಕ್ಚಿತ್ರದ ಚರಿತ್ರೆಗಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ.

ಎರಡು ತೊಡಕುಗಳು

ಮೂಕಚಿತ್ರಕ್ಕೆ ಮಾತು ಕೊಡಬೇಕೆಂಬ ಹಂಬಲ ಚಲಚ್ಚಿತ್ರದಷ್ಟೇ ಹಳೆಯದು. 1913ರಲ್ಲಿ ಅಮೆರಿಕದ ಎಡಿಸನ್ 'ಕೈನೆಟೊಫೋನ್' ಎಂಬ ಏರ್ಪಾಡನ್ನು ಚಿತ್ರಮಂದಿರಗಳಲ್ಲಿ ತೋರಿಸಿದರು. ಪರದೆಯ ಬಳಿ ಫೋನೊಗ್ರಾಫ್, ಸಭಾಂಗಣದ ಹಿಂಬದಿಯಲ್ಲಿ ಚಿತ್ರ ತೋರಿಸುವ ಯಂತ್ರ. ಎರಡಕ್ಕೂ ಉದ್ದವಾದ ಹುರಿಯ ಸಂಬಂಧ. ಎಡಿಸನ್ನರಿಗೆ ಹೆಸರೂ ಇತ್ತು, ಹಣವೂ ಇತ್ತು. ಆದರೂ ಈ ಪ್ರಯತ್ನ ಬಹುಕಾಲ ನಿಲ್ಲಲಿಲ್ಲ. ಏಕೆ?

ಮೊದಲನೆಯ ತೊಡಕು ಧ್ವನಿಯ ಬಲದ್ದು. ನಾವು ಸಹಜವಾಗಿ ಮಾತನಾಡುವಾಗ ಬಾಯಿಂದ ಹೊರಡುವ ಧ್ವನಿಯ ಸಾಮರ್ಥ್ಯ ಒಂದು ವಾಟಿನ ಲಕ್ಷದಲ್ಲೊಂದು ಪಾಲಿನಷ್ಟು ಮಾತ್ರ. ಸಾವಿರ ಜನ ಕುಳಿತ ಮಂದಿರವನ್ನು ಅದು ತುಂಬಲಾರದು. ಫೋನೊಗ್ರಾಫಿನ ಕಹಳೆ ಧ್ವನಿಯನ್ನು ಒಂದು ದಿಕ್ಕಿಗೆ ತಿರುಗಿಸಬಲ್ಲುದೇ ಹೊರತು ಅದಕ್ಕೆ ಹೊಸದಾಗಿ ಶಕ್ತಿಯನ್ನು ಸೇರಿಸಲಾರದು.

ಎರಡನೆಯ ತೊಡಕು ಕಾಲಸಾಮ್ಯದ್ದು. ತುಟಿ ಅಲುಗಿದ ಕ್ಷಣದಲ್ಲಿಯೇ ಮಾತು ಕೇಳಬೇಕು. ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ವ್ಯತ್ಯಾಸವನ್ನು ನಾವು ಸಹಿಸಿಕೊಳ್ಳುತ್ತೇವೆ; ಪರದೆಯಿಂದ 34 ಮೀಟರ್ ದೂರ ಕುಳಿತವರಿಗೆ ಧ್ವನಿ ಹೇಗೂ ಅಷ್ಟು ತಡವಾಗಿ ಮುಟ್ಟುತ್ತದೆ. ಅದಕ್ಕಿಂತ ಬಹಳ ಹೆಚ್ಚಾದರೆ ನಾಯಕಿ ಬಾಯಿ ಮುಚ್ಚಿದ ಮೇಲೆ ಹಾಡು ಕೇಳಿ ಸಭೆಯಲ್ಲಿ ನಗೆಯೇಳುತ್ತದೆ.

ಎಡಿಸನ್ನರ ಸೋಲಿನಿಂದ ನಮಗೆ ತಿಳಿಯುವ ಮೊದಲ ಪಾಠವಿಷ್ಟು: ವಿಜ್ಞಾನ ಇನ್ನೂ ಮುಟ್ಟದ ಎಡೆಗೆ ಹಣವೊಂದೇ ನಮ್ಮನ್ನು ಕೊಂಡೊಯ್ಯಲಾರದು.

ಸರಿಯಾದ ತತ್ತ್ವ, ಬರಿದಾದ ಕೈ

ಧ್ವನಿಬಲದ ತೊಡಕಿಗೆ ಪರಿಹಾರ ಬೇರೊಂದು ಕಡೆಯಿಂದ ಬಂದಿತು. 1906ರಲ್ಲಿ ಲೀ ಡಿ ಫಾರೆಸ್ಟ್ ಎಂಬ ಅಮೆರಿಕದ ಸಂಶೋಧಕರು, ಕಾದ ತಂತಿಗೂ ಫಲಕಕ್ಕೂ ನಡುವೆ ಸಣ್ಣದೊಂದು ಜಾಲರಿಯನ್ನಿಟ್ಟು 'ಆಡಿಯಾನ್' ಎಂಬ ಕೊಳವೆಯನ್ನು ಮಾಡಿದರು. ಜಾಲರಿಗೆ ಕೊಟ್ಟ ಅಲ್ಪ ವಿದ್ಯುತ್ತಿನ ಏರಿಳಿತ, ಫಲಕದ ಕಡೆ ಹರಿಯುವ ಪ್ರವಾಹದಲ್ಲಿ ದೊಡ್ಡ ಏರಿಳಿತವಾಗಿ ಕಾಣುತ್ತದೆ. ಇಂದು ಟ್ರಾನ್ಸಿಸ್ಟರ್ ಮಾಡುವ ವರ್ಧನೆಯ ಕೆಲಸವನ್ನು ಅಂದು ಈ ಕೊಳವೆ ಮಾಡಿತು. ಇದರ ಹಕ್ಕನ್ನು ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿ ಕೊಂಡುಕೊಂಡು, ಕೊಳವೆಯೊಳಗಿನ ಗಾಳಿಯನ್ನು ಮತ್ತಷ್ಟು ಹೊರತೆಗೆದು ಸುಧಾರಿಸಿತು. 1915ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಮಾತು ಸಾಗಿಸಿತು.

ಡಿ ಫಾರೆಸ್ಟ್ ಅಲ್ಲಿಗೇ ನಿಲ್ಲಲಿಲ್ಲ. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಬೆಳಕನ್ನು ಏರಿಳಿಸಿ, ಫಿಲ್ಮಿನ ಅಂಚಿನಲ್ಲಿಯೇ ಅದನ್ನು ಕಿರಿದಾದ ಪಟ್ಟಿಯಾಗಿ ಅಚ್ಚುಮಾಡುವ 'ಫೋನೊಫಿಲ್ಮ್' ಪದ್ಧತಿಗೆ ಕೈಹಾಕಿದರು. ಪ್ರದರ್ಶನದ ಕಾಲದಲ್ಲಿ ಆ ಪಟ್ಟಿಯ ಮೂಲಕ ಹಾಯ್ದ ಬೆಳಕು ದ್ಯುತಿವಿದ್ಯುತ್ಕೋಶದ ಮೇಲೆ ಬಿದ್ದು ಮತ್ತೆ ವಿದ್ಯುತ್ತಾಗಿ, ಅನಂತರ ಧ್ವನಿಯಾಗುತ್ತದೆ. ಚಿತ್ರವೂ ಮಾತೂ ಒಂದೇ ಪಟ್ಟಿಯ ಮೇಲಿರುವುದರಿಂದ ಎರಡೂ ಅಗಲುವಂತಿಲ್ಲ. ಕಾಲಸಾಮ್ಯಕ್ಕೆ ಇದಕ್ಕಿಂತ ಸಹಜವಾದ ಪರಿಹಾರ ಬೇರೆ ಯಾವುದು?

1923ರ ಏಪ್ರಿಲ್ 15ರಂದು ನ್ಯೂಯಾರ್ಕಿನ ರಿವೋಲಿ ಮಂದಿರದಲ್ಲಿ ಇದರ ಪ್ರದರ್ಶನ ನಡೆಯಿತು. ಆದರೆ ಡಿ ಫಾರೆಸ್ಟರ ಬಳಿ ದೊಡ್ಡ ಸ್ಟುಡಿಯೊ ಇರಲಿಲ್ಲ, ಹೆಸರಾಂತ ನಟರಿರಲಿಲ್ಲ, ಸ್ವಂತ ಚಿತ್ರಮಂದಿರಗಳಿರಲಿಲ್ಲ. ಧ್ವನಿಯ ಗುಣವೂ ಇನ್ನೂ ಸುಧಾರಿಸಬೇಕಾಗಿತ್ತು. ಸುಧಾರಣೆಗೆ ಕಾಲ ಬೇಕು, ಕಾಲಕ್ಕೆ ಹಣ ಬೇಕು. ಮೂಕಚಿತ್ರಗಳಿಂದಲೇ ಲಾಭ ಪಡೆಯುತ್ತಿದ್ದ ದೊಡ್ಡ ಕಂಪನಿಗಳು ಅವರತ್ತ ತಿರುಗಿ ನೋಡಲಿಲ್ಲ. 1926ರಲ್ಲಿ ಅವರ ಫೋನೊಫಿಲ್ಮ್ ಕಂಪನಿ ದಿವಾಳಿಯೆದ್ದಿತು.

ಸಾಲವೇ ಷೇರೇ? ಒಂದು ಲೆಕ್ಕ

ಇಂತಹ ಸಂಶೋಧಕರಿಗೆ ಬ್ಯಾಂಕು ಸಾಲ ಕೊಡಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. ಊಹೆಯ ಲೆಕ್ಕವೊಂದನ್ನು ಮಾಡಿ ನೋಡೋಣ. ಹತ್ತು ಹೊಸ ಉದ್ಯಮಗಳಿಗೆ ತಲಾ 1 ಲಕ್ಷದಂತೆ 10 ಲಕ್ಷ ರೂಪಾಯಿ ಹಾಕಿದೆವೆನ್ನಿ. ಅವುಗಳಲ್ಲಿ ಆರು ಪೂರ್ತಿ ಮುಳುಗಿದುವು. ಮೂರು ಹೇಗೋ ತಲೆಯೆತ್ತಿ ನಿಂತುವು. ಒಂದು ಮಾತ್ರ ಇಪ್ಪತ್ತು ಪಟ್ಟು ಬೆಳೆಯಿತು.

ನಾವು ಕೊಟ್ಟುದು ನೂರಕ್ಕೆ ಹತ್ತರ ಬಡ್ಡಿಯ ಸಾಲವಾದರೆ, ಉಳಿದ ನಾಲ್ಕರಿಂದ ಹಿಂದಿರುಗುವುದು 4 ಲಕ್ಷ 40 ಸಾವಿರ ಮಾತ್ರ. ಇಪ್ಪತ್ತು ಪಟ್ಟು ಬೆಳೆದವನೂ ಸಾಲಗಾರನಿಗೆ ಬಡ್ಡಿಗಿಂತ ಹೆಚ್ಚು ಕೊಡಬೇಕಾಗಿಲ್ಲವಷ್ಟೆ. ನಾವು ಕೈಸುಟ್ಟುಕೊಂಡಂತಾಯಿತು. ಅದೇ ಹಣವನ್ನು ಷೇರಿನ ರೂಪದಲ್ಲಿ, ಎಂದರೆ ಒಡೆತನದ ಪಾಲಾಗಿ ಹಾಕಿದ್ದರೆ, ಮೂರರಿಂದ 3 ಲಕ್ಷ, ಒಂದರಿಂದ 20 ಲಕ್ಷ, ಒಟ್ಟು 23 ಲಕ್ಷ ಬರುತ್ತಿತ್ತು. ಆರು ಸೋಲುಗಳನ್ನು ಒಂದು ಗೆಲವು ತುಂಬಿಕೊಟ್ಟು ಮಿಗುತ್ತದೆ.

ಸಾಹಸ ಬಂಡವಾಳದ ಗುಟ್ಟೆಲ್ಲ ಈ ಲೆಕ್ಕದಲ್ಲಿದೆ. ಹಣ ಹಾಕುವವನು ಬಡ್ಡಿಯನ್ನಲ್ಲ, ಪಾಲನ್ನು ಕೇಳುತ್ತಾನೆ. ಆಡಳಿತ ಮಂಡಲಿಯಲ್ಲಿ ಸ್ಥಾನವನ್ನೂ ಕೇಳುತ್ತಾನೆ. ಕೊನೆಗೆ ತನ್ನ ಪಾಲನ್ನು ಷೇರುಪೇಟೆಯಲ್ಲಿಯೊ ದೊಡ್ಡ ಕಂಪನಿಯೊಂದಕ್ಕೊ ಮಾರಿ ಹೊರಬರುತ್ತಾನೆ. ಇದನ್ನೇ ಕಸಬಾಗಿ ಮಾಡಿಕೊಂಡ ಸಂಸ್ಥೆಗಳು ಎರಡನೆಯ ಮಹಾಯುದ್ಧದ ತರುವಾಯ, 1946ರಲ್ಲಿ, ಅಮೆರಿಕದಲ್ಲಿ ತಲೆಯೆತ್ತಿದುವು. ಆದರೆ ಹಣದ ಸಾಹಸ ಅದಕ್ಕಿಂತ ಹಳೆಯದು.

ವಾರ್ನರ್ ಸಹೋದರರ ಪಣ

1925ರಲ್ಲಿ ವಾರ್ನರ್ ಸಹೋದರರ ಚಿತ್ರ ಕಂಪನಿ ಎರಡನೆಯ ಸಾಲಿನದು. ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಹಣಕಾಸು ಸಂಸ್ಥೆಯ ವಾಡಿಲ್ ಕ್ಯಾಚಿಂಗ್ಸ್ ಆ ಕಂಪನಿಯ ನಿರ್ದೇಶಕ ಮಂಡಲಿಯನ್ನು ಸೇರಿ ಬಂಡವಾಳ ಒದಗಿಸುವ ಏರ್ಪಾಡು ಮಾಡಿದರು. ಆ ಬಲದಿಂದ ವಾರ್ನರ್ ಅದೇ ವರ್ಷ ಹಳೆಯ ವೈಟಾಗ್ರಾಫ್ ಕಂಪನಿಯನ್ನು ಕೊಂಡು, ಅದರ ಸ್ಟುಡಿಯೊವನ್ನೂ ಚಿತ್ರ ಹಂಚುವ ಕಚೇರಿಗಳನ್ನೂ ತನ್ನದಾಗಿಸಿಕೊಂಡಿತು. ಟೆಲಿಫೋನ್ ಕಂಪನಿಯ ಅಂಗಸಂಸ್ಥೆಯಾದ ವೆಸ್ಟರ್ನ್ ಎಲೆಕ್ಟ್ರಿಕ್ ಆಗ ವಿದ್ಯುತ್ತಿನ ಮೂಲಕ ಧ್ವನಿಮುದ್ರಿಸುವ ಯಂತ್ರವನ್ನು ಸಿದ್ಧಪಡಿಸಿತ್ತು. 1926ರಲ್ಲಿ ಆ ಯಂತ್ರವನ್ನು ನೆಚ್ಚಿ ವಾರ್ನರ್ 'ವೈಟಾಫೋನ್' ಸಂಸ್ಥೆಯನ್ನು ಕಟ್ಟಿತು.

ವೈಟಾಫೋನಿನಲ್ಲಿ ಧ್ವನಿ ಇದ್ದುದು ಫಿಲ್ಮಿನ ಮೇಲಲ್ಲ, 16 ಅಂಗುಲದ ಗ್ರಾಮಫೋನ್ ತಟ್ಟೆಯ ಮೇಲೆ. ಫಿಲ್ಮು ಸೆಕೆಂಡಿಗೆ 24 ಚಿತ್ರಗಳಂತೆ ಓಡಿದರೆ, ಒಂದು ಅಡಿಗೆ 16 ಚಿತ್ರಗಳಿರುವುದರಿಂದ, ನಿಮಿಷಕ್ಕೆ 90 ಅಡಿ ಸಾಗುತ್ತದೆ. ಸಾವಿರ ಅಡಿಯ ಸುರುಳಿ ಸುಮಾರು 11 ನಿಮಿಷ ಬರುತ್ತದೆ. ತಟ್ಟೆಯೂ ಅಷ್ಟೇ ಹೊತ್ತು ನುಡಿಯಬೇಕಾದುದರಿಂದ ಅದರ ವೇಗವನ್ನು ನಿಮಿಷಕ್ಕೆ 33⅓ ಸುತ್ತಿಗೆ ಇಳಿಸಿದರು. ಈಗ ಮುಳ್ಳು ಒಂದು ಗೀರಿನಿಂದ ಪಕ್ಕದ ಗೀರಿಗೆ ಹಾರಿತೆನ್ನಿ. ಒಂದು ಸುತ್ತಿಗೆ ಹಿಡಿಯುವ ಕಾಲ 60ನ್ನು 33⅓ರಿಂದ ಭಾಗಿಸಿದಷ್ಟು, ಎಂದರೆ 1.8 ಸೆಕೆಂಡು. ಅಷ್ಟರಲ್ಲಿ 43 ಚಿತ್ರಗಳು ದಾಟಿಹೋಗಿರುತ್ತವೆ! ಡಿ ಫಾರೆಸ್ಟರ ಪದ್ಧತಿಗೆ ಹೋಲಿಸಿದರೆ ಇದು ತತ್ತ್ವತಃ ಕೆಳಗಿನದೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಗೆದ್ದುದು ಇದೇ. 1926ರ ಆಗಸ್ಟ್ 6ರಂದು ಸಂಗೀತ ಸಹಿತವಾಗಿ 'ಡಾನ್ ಜುವಾನ್' ತೆರೆಕಂಡಿತು; 1927ರ ಅಕ್ಟೋಬರ್ 6ರಂದು, ಆಲ್ ಜಾಲ್ಸನ್ ಹಾಡಿ ಮಾತನಾಡಿದ 'ದಿ ಜಾಝ್ ಸಿಂಗರ್' ಬಂದಿತು. ಜನ ಮುಗಿಬಿದ್ದರು. ಪಣ ಕಟ್ಟಿದ ಆರಂಭದಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿದ ವಾರ್ಷಿಕ ನಷ್ಟ ತೋರಿಸಿದ್ದ ಕಂಪನಿ 1929ರಲ್ಲಿ ಒಂದು ಕೋಟಿ ಡಾಲರಿಗೂ ಮೀರಿದ ಲಾಭ ಗಳಿಸಿತು. ಕೆಲವೇ ವರ್ಷಗಳಲ್ಲಿ ತಟ್ಟೆ ಮೂಲೆ ಸೇರಿ, ವಾರ್ನರ್ ಕೂಡ ಫಿಲ್ಮಿನ ಮೇಲಣ ಧ್ವನಿಗೇ ಬಂದಿತು. ಯಂತ್ರ ತಪ್ಪಾದರೂ ಸಂಸ್ಥೆ ಉಳಿಯಿತು. ಯಂತ್ರ ಸರಿಯಾಗಿದ್ದರೂ ಡಿ ಫಾರೆಸ್ಟ್ ಉಳಿಯಲಿಲ್ಲ. ತಪ್ಪನ್ನು ತಿದ್ದಿಕೊಳ್ಳುವಷ್ಟು ಕಾಲವನ್ನು ಬಂಡವಾಳ ಒಬ್ಬರಿಗೆ ಕೊಂಡುಕೊಟ್ಟಿತು, ಇನ್ನೊಬ್ಬರಿಗೆ ಅದು ದೊರೆಯಲಿಲ್ಲ.

ವಿಲೀನಗಳು ಏಕೆ?

ವಾರ್ನರ್ ಗೆದ್ದುದನ್ನು ಕಂಡು 1928ರ ಮೇ ತಿಂಗಳಲ್ಲಿ ದೊಡ್ಡ ಚಿತ್ರ ಕಂಪನಿಗಳು ವೆಸ್ಟರ್ನ್ ಎಲೆಕ್ಟ್ರಿಕ್ಕಿನೊಡನೆ ಕರಾರು ಮಾಡಿಕೊಂಡುವು. ಇದರಿಂದ ಇಕ್ಕಟ್ಟಿಗೆ ಸಿಕ್ಕಿದುದು ಆರ್‌ಸಿಎ ಎಂಬ ರೇಡಿಯೊ ಕಂಪನಿ. ಅದರ ಬಳಿ 'ಫೋಟೊಫೋನ್' ಎಂಬ ಒಳ್ಳೆಯ ಧ್ವನಿಯಂತ್ರವಿತ್ತು, ಕೊಳ್ಳುವವರಿರಲಿಲ್ಲ. ಅದರ ನಾಯಕ ಡೇವಿಡ್ ಸಾರ್ನಾಫ್, ಗಿರಾಕಿ ಸಿಕ್ಕದಿದ್ದರೆ ಗಿರಾಕಿಯನ್ನೇ ನಿರ್ಮಿಸಬೇಕೆಂದು ನಿಶ್ಚಯಿಸಿದರು. ಮುಂದೆ ಅಧ್ಯಕ್ಷರಾದ ಕೆನಡಿಯವರ ತಂದೆ ಜೋಸೆಫ್ ಕೆನಡಿಯವರ ಕೈಯಲ್ಲಿದ್ದ ಎಫ್‌ಬಿಒ ಚಿತ್ರ ಕಂಪನಿಯನ್ನೂ, ಕೀತ್-ಆಲ್ಬೀ-ಆರ್ಫಿಯಂ ಎಂಬ ರಂಗಮಂದಿರಗಳ ಸರಣಿಯನ್ನೂ ಸೇರಿಸಿ 1928ರ ಅಕ್ಟೋಬರಿನಲ್ಲಿ 'ಆರ್‌ಕೆಒ' ಹುಟ್ಟಿತು. ಯಂತ್ರ, ಚಿತ್ರ, ಮಂದಿರ ಮೂರೂ ಒಂದೇ ಸೂರಿನಡಿ ಬಂದುವು. ಮನರಂಜನೆಯ ಯಂತ್ರಗಳ ಲೋಕದಲ್ಲಿ ಅನೇಕ ವಿಲೀನಗಳ ಕಾರಣ ಇದೇ: ಯಂತ್ರವುಳ್ಳವನಿಗೆ ಕಥೆ ಬೇಕು, ಕಥೆಯುಳ್ಳವನಿಗೆ ನೋಡುಗರು ಬೇಕು.

ಇತ್ತೀಚಿನ ಉದಾಹರಣೆ ಬೇಕಾದರೆ ಪಿಕ್ಸಾರ್ ಕಂಪನಿಯನ್ನು ನೋಡಬಹುದು. 1986ರಲ್ಲಿ ಸ್ಟೀವ್ ಜಾಬ್ಸ್, ಲ್ಯೂಕಾಸ್‌ಫಿಲ್ಮಿನ ಗಣಕ ವಿಭಾಗಕ್ಕೆ 50 ಲಕ್ಷ ಡಾಲರ್ ಬೆಲೆ ಕೊಟ್ಟು, ಮತ್ತೆ 50 ಲಕ್ಷವನ್ನು ಮೂಲಧನವಾಗಿ ಹಾಕಿದರು. ವರ್ಷಗಟ್ಟಲೆ ನಷ್ಟವಾಯಿತು; ಅವರು ಹಣ ಹಾಕುತ್ತಲೇ ಹೋದರು. 1995ರ ನವೆಂಬರಿನಲ್ಲಿ, ಪೂರ್ತಿಯಾಗಿ ಗಣಕದಿಂದಲೇ ರಚಿತವಾದ ಮೊದಲ ಕಥಾಚಿತ್ರ 'ಟಾಯ್ ಸ್ಟೋರಿ' ಬಿಡುಗಡೆಯಾಯಿತು; ಒಂದು ವಾರದಲ್ಲಿಯೇ ಷೇರುಗಳು ಪೇಟೆಗೆ ಬಂದುವು. 2006ರಲ್ಲಿ ಡಿಸ್ನಿ ಕಂಪನಿ 740 ಕೋಟಿ ಡಾಲರ್ ಬೆಲೆಯ ಷೇರುಗಳನ್ನು ಕೊಟ್ಟು ಪಿಕ್ಸಾರನ್ನು ಕೊಂಡಿತು.

ನಾಣ್ಯದ ಮತ್ತೊಂದು ಮುಖ

ವಾಕ್ಚಿತ್ರದ ಅಲೆ ನಮ್ಮ ದೇಶಕ್ಕೆ ಬೇಗನೆ ಮುಟ್ಟಿತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಆರ್ದೇಶೀರ್ ಇರಾನಿಯವರ 'ಆಲಂ ಆರಾ', 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಕನ್ನಡದ 'ಸತಿ ಸುಲೋಚನಾ' ತೆರೆಕಂಡುವು. ಕನ್ನಡ ಮಾತನಾಡುವ ಚಿತ್ರಕ್ಕೆ ನೋಡುಗರಿರುವರೇ ಎಂಬುದು ಯಾರಿಗೂ ತಿಳಿಯದಿದ್ದಾಗ ಬೆಂಗಳೂರಿನ ವರ್ತಕ ಷಾ ಚಮನ್‌ಲಾಲ್ ಡುಂಗಾಜಿಯವರು ಬಂಡವಾಳ ಹೂಡಿದರು. ಚಿತ್ರೀಕರಣ ಕೊಲ್ಲಾಪುರದ ಸ್ಟುಡಿಯೊದಲ್ಲಿ ನಡೆಯಿತು. ನಮ್ಮ ನುಡಿಯ ಚಿತ್ರೋದ್ಯಮದ ಬುಡದಲ್ಲಿಯೂ ಸಾಹಸದ ಹಣವೇ ಇದೆ.

ಇಷ್ಟು ಹೇಳಿದ ಮಾತ್ರಕ್ಕೆ ಬಂಡವಾಳವನ್ನು ಪೂಜಿಸಬೇಕೆಂದು ನಾವು ಹೇಳುತ್ತಿಲ್ಲ. ವಾಕ್ಚಿತ್ರ ಬಂದಾಗ ಮೂಕಚಿತ್ರದ ಮುಂದೆ ಕುಳಿತು ವಾದ್ಯ ನುಡಿಸುತ್ತಿದ್ದ ಕಲಾವಿದರು ದೇಶದೇಶಗಳಲ್ಲಿ ಕೆಲಸ ಕಳೆದುಕೊಂಡರು. ತಯಾರಿಕೆ, ಹಂಚಿಕೆ, ಪ್ರದರ್ಶನ ಮೂರೂ ಕೆಲವೇ ಕೈಗಳಲ್ಲಿ ಸೇರಿದುದರಿಂದ ಹೊರಗಿನವರಿಗೆ ಬಾಗಿಲು ಮುಚ್ಚಿತು. ಕೊನೆಗೆ 1948ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಫಲವಾಗಿ ದೊಡ್ಡ ಕಂಪನಿಗಳು ತಮ್ಮ ಚಿತ್ರಮಂದಿರಗಳನ್ನು ಬೇರ್ಪಡಿಸಬೇಕಾಯಿತು. ಆ ನಿರ್ಬಂಧಗಳು 2020ರಲ್ಲಿ ರದ್ದಾದುವು. ನಮ್ಮಲ್ಲಿ 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯವರ ಭಾರತೀಯ ಮಾಧ್ಯಮ ಸಂಸ್ಥೆಗಳು ವಿಲೀನವಾಗಿ 70,352 ಕೋಟಿ ರೂಪಾಯಿ ಮೌಲ್ಯದ ಸಂಸ್ಥೆಯಾದಾಗ, ಅದುವರೆಗೆ ಎದುರಾಳಿಗಳಾಗಿದ್ದ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ವಾಹಿನಿಗಳು ಒಂದೇ ಮನೆಯವಾದುವು. ಸ್ಪರ್ಧಾ ಆಯೋಗ ಇದಕ್ಕೆ ಷರತ್ತುಗಳನ್ನು ವಿಧಿಸಿಯೇ ಒಪ್ಪಿಗೆಯಿತ್ತಿತು.

ವಿಜ್ಞಾನ ಕಲಿಯುವವರು ಈ ಲೆಕ್ಕಗಳನ್ನು ವ್ಯಾಪಾರಿಗಳಿಗೆ ಬಿಟ್ಟು ನಿಶ್ಚಿಂತರಾಗಿರಬಾರದು. ಎಡಿಸನ್ನರಲ್ಲಿ ಹಣವಿದ್ದು ವಿಜ್ಞಾನ ಕಡಮೆಯಾಯಿತು. ಡಿ ಫಾರೆಸ್ಟರಲ್ಲಿ ವಿಜ್ಞಾನವಿದ್ದು ಹಣ ಕಡಮೆಯಾಯಿತು. ಎರಡೂ ಕೂಡಿದಲ್ಲಿ ಚಿತ್ರ ಮಾತನಾಡಿತು. ನಾಳೆ ನಿಮ್ಮಲ್ಲೊಬ್ಬರು ಹೊಸ ಯಂತ್ರವನ್ನು ಕಟ್ಟಿದರೆ, ಅದರ ತತ್ತ್ವ ಸರಿಯೇ ಎಂದು ಮೊದಲು ಪರೀಕ್ಷಿಸಿ. ಅದನ್ನು ತಿದ್ದಿ ಬೆಳೆಸಲು ಎಷ್ಟು ಕಾಲ ಬೇಕು, ಆ ಕಾಲದ ವೆಚ್ಚವನ್ನು ಯಾರು ಹೊರುವರು, ಅದಕ್ಕೆ ಪ್ರತಿಯಾಗಿ ಅವರು ಎಷ್ಟು ಒಡೆತನ ಕೇಳುವರು ಎಂಬುದನ್ನೂ ಅದೇ ಪುಸ್ತಕದ ಎದುರು ಪುಟದಲ್ಲಿ ಬರೆದುಕೊಳ್ಳಿ.