ಚಿಕ್ಕಪ್ಪನ ಕ್ವಾಲಿಸ್‌ಗೆ ಟರ್ಬೊ ಕೂರುತ್ತದೆಯೇ?



ಲಾರಿ ಬಸ್ಸುಗಳ ಮೇಲೆ ‘ಟರ್ಬೊ’ ಎಂದು ಬರೆದಿರುವುದನ್ನು ನೀವೆಲ್ಲ ನೋಡಿರುತ್ತೀರಿ. ನಾನು ಅದು ಲಾರಿಯ ಹೆಸರು ಎಂದುಕೊಂಡಿದ್ದೆ. ಹೆಸರಲ್ಲ, ಅದೊಂದು ಸಾಮಾನು. ಅದರಿಂದ ನಮ್ಮ ಮನೆಯಲ್ಲಿ ಎರಡು ದಿನ ಜಗಳವೂ ಆಯಿತು. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಇದನ್ನೇ ಬರೆಯುತ್ತಿದ್ದೇನೆ.

ಹೊಸದುರ್ಗದಲ್ಲಿರುವ ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಹಳೇ ಕ್ವಾಲಿಸ್ ಇದೆ. ಮದುವೆ, ದೇವಸ್ಥಾನ ಎಂದು ಬಾಡಿಗೆಗೆ ಹೋಗುತ್ತದೆ. ಉಡುಪಿಗೆ ಹೋದವರನ್ನು ವಾಪಸ್ ಕರಕೊಂಡು ಬರುವಾಗ ಆಗುಂಬೆ ಘಾಟಿಯಲ್ಲಿ ಅದು ಏದುಸಿರು ಬಿಡುತ್ತದೆ. ಹಿಂದೆ ಬಂದ ಇನ್ನೋವಾಗಳು ಸುಂಯ್ ಅಂತ ಮುಂದೆ ಹೋಗುತ್ತವೆ. ಹೋದ ವರ್ಷ ಇಬ್ಬರು ಗಿರಾಕಿಗಳು “ನಿನ್ನ ಗಾಡಿ ಏರು ಹತ್ತಲ್ಲ” ಎಂದು ಬೇರೆ ಕಡೆ ಹೋದರು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. ಚಿಕ್ಕಮ್ಮ ಕೊಬ್ಬರಿ ಮಾರಿ ಇಟ್ಟಿದ್ದ ದುಡ್ಡಿನಲ್ಲಿ ಆರು ಸಾವಿರ ಕೊಟ್ಟು, ಗುಜರಿಯಿಂದ ಒಂದು ಟರ್ಬೊ ತಂದುಬಿಟ್ಟರು. ಚಿಕ್ಕಮ್ಮನನ್ನು ಕೇಳಿರಲಿಲ್ಲ.

ಎರಡೂ ಗಾಡಿಗಳು ನಮ್ಮ ಬಿಡದಿಯ ಕಾರ್ಖಾನೆಯಲ್ಲೇ ತಯಾರಾದವು. 2000ನೇ ಇಸವಿಯಲ್ಲಿ ಬಂದ ಕ್ವಾಲಿಸ್‌ನದು 2.4 ಲೀಟರಿನ ಡೀಸೆಲ್ ಎಂಜಿನ್, ಶಕ್ತಿ ಸುಮಾರು 75 ಅಶ್ವಶಕ್ತಿ. 2005ರಲ್ಲಿ ಬಂದ ಇನ್ನೋವಾದ್ದು 2.5 ಲೀಟರ್, ಆದರೆ ಶಕ್ತಿ ಸುಮಾರು 102. ಎಂಜಿನ್ ಹೆಚ್ಚುಕಮ್ಮಿ ಅಷ್ಟೇ ದೊಡ್ಡದು, ಶಕ್ತಿ ಮಾತ್ರ ಇಷ್ಟು ಜಾಸ್ತಿ! ಇನ್ನೋವಾಕ್ಕೆ ಟರ್ಬೊ ಇದೆ, ಕ್ವಾಲಿಸ್‌ಗೆ ಇಲ್ಲ. ಹಾಗಾದರೆ ಟರ್ಬೊ ಕೂರಿಸಿದರೆ ಆಯಿತಲ್ಲ ಎಂದು ಚಿಕ್ಕಪ್ಪನ ಲೆಕ್ಕ. ನನಗೂ ಸರಿ ಅನ್ನಿಸಿತ್ತು.

ಟರ್ಬೊ ಹೇಗೆ ಕೆಲಸ ಮಾಡುತ್ತದೆ? ಕಮ್ಮಾರರ ಕುಲುಮೆ ನೆನೆಸಿಕೊಳ್ಳಿ. ತಿದಿ ಒತ್ತಿದರೆ ಗಾಳಿ ಹೋಗಿ ಇದ್ದಿಲು ಕೆಂಪಗೆ ಉರಿಯುತ್ತದೆ. ಎಂಜಿನ್ನೂ ಹಾಗೆಯೇ. ಗಾಳಿ ಜಾಸ್ತಿ ಹೋದರೆ ಡೀಸೆಲ್ಲನ್ನೂ ಜಾಸ್ತಿ ಉರಿಸಬಹುದು. ಆದರೆ ತಿದಿ ಒತ್ತುವವರು ಯಾರು? ಎಂಜಿನ್ನಿನ ಹೊಗೆಯೇ! ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಟ್ಟೆ ಎರಡನ್ನು ಒಂದೇ ಕಡ್ಡಿಯ ಎರಡು ತುದಿಗೆ ಗಟ್ಟಿಯಾಗಿ ಅಂಟಿಸಿ, ಒಂದಕ್ಕೆ ಊದಿ. ಇನ್ನೊಂದೂ ತಿರುಗುತ್ತದೆ. ಟರ್ಬೊದಲ್ಲಿ ಒಂದು ಚಕ್ರವನ್ನು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಸುಮ್ಮನೆ ದಂಡವಾಗುತ್ತಿದ್ದ ಹೊಗೆಯಿಂದ ಕೆಲಸ ಮಾಡಿಸುವ ಈ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರ್ 1905ರಲ್ಲೇ ಹಕ್ಕುಪತ್ರ ಪಡೆದಿದ್ದರು. ಕಾರಿನ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಜಾಸ್ತಿ ತಿರುಗಬಲ್ಲದು. ನಮ್ಮ ತರಗತಿಯ ಫ್ಯಾನು ಕರೆಂಟು ಇದ್ದಾಗಲೂ ಇದರ ಮುಂದೆ ನಿಂತ ಹಾಗೇ.

ರಜೆಯಲ್ಲಿ ಚಿಕ್ಕಪ್ಪನ ಜೊತೆ ನಾನೂ ಹಿರಿಯೂರಿಗೆ ಹೋದೆ. ಅಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕ ಲಾರಿ ರಿಪೇರಿ ಮಾಡುವ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ. “ಅಣ್ಣಾ, ಇದನ್ನ ಕೂರಿಸಿ ಕೊಡ್ರಿ” ಎಂದರು ಚಿಕ್ಕಪ್ಪ. ಮೇಸ್ತ್ರಿ ಟರ್ಬೊವನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕರು. “ಕೂರಿಸಾಕೇನು, ಕೂರಿಸಬೋದು. ಎಷ್ಟು ದಿನ ಓಡ್ತೈತೆ ಅಂತ ಕೇಳಪ್ಪ” ಎಂದರು.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಬರೆಯುತ್ತೇನೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಅದು ಕಾಯ್ದು, ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಕ್ವಾಲಿಸ್ ಎಂಜಿನ್ ಸುಮಾರು 22 ಲೋಟ ಗಾಳಿಯನ್ನು 1 ಲೋಟದ ಜಾಗಕ್ಕೆ ಒತ್ತುತ್ತದೆ. ಇದಕ್ಕೆ ಸಂಪೀಡನ ಅನುಪಾತ ಎನ್ನುತ್ತಾರೆ. ಟರ್ಬೊಗೆಂದೇ ಮಾಡಿದ ಎಂಜಿನ್ನುಗಳಲ್ಲಿ ಈ ಅನುಪಾತವನ್ನು ಸಾಮಾನ್ಯವಾಗಿ ಕಡಿಮೆ ಇಟ್ಟಿರುತ್ತಾರೆ. ಏಕೆಂದರೆ ಗಾಳಿ ಮೊದಲೇ ಒತ್ತಿಕೊಂಡು ಬಂದಿರುತ್ತದೆ. ಒತ್ತಿದ್ದನ್ನೇ ಮತ್ತೆ 22 ಪಟ್ಟು ಒತ್ತಿದರೆ ಶಾಖ, ಒತ್ತಡ ಎರಡೂ ಮಿತಿ ಮೀರಿ ಹೆಡ್ ಗ್ಯಾಸ್ಕೆಟ್ ಹೋಗಬಹುದು, ಪಿಸ್ಟನ್ ಕರಗಲೂಬಹುದು. ಬರೀ ಗಾಳಿ ತುಂಬಿದರೂ ಸಾಲದು, ಡೀಸೆಲ್ ಪಂಪನ್ನೂ ಅದಕ್ಕೆ ಹೊಂದಿಸಬೇಕು. ಟರ್ಬೊದ ಬೇರಿಂಗಿಗೆ ಎಂಜಿನ್ನಿನಿಂದ ಆಯಿಲ್ ಹೋಗುವ ದಾರಿ, ವಾಪಸ್ ಬರುವ ದಾರಿ ಎರಡೂ ಬೇಕು. ಆಯಿಲ್ ತಪ್ಪಿದರೆ ಚಕ್ರ ಹಿಡಿದುಕೊಳ್ಳುತ್ತದೆ. ಇಷ್ಟೆಲ್ಲ ಮಾಡಿದರೂ, ಅನುಮತಿಯಿಲ್ಲದೆ ಎಂಜಿನ್ ಬದಲಾಯಿಸುವುದು 1988ರ ಮೋಟಾರು ವಾಹನ ಕಾಯ್ದೆಗೆ ವಿರುದ್ಧ.

ಶಾಲೆ ಶುರುವಾದ ಮೇಲೆ ವಿಜ್ಞಾನದ ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. “ನಿಮ್ಮ ಚಿಕ್ಕಪ್ಪನ ಹಾಗೇ ಯೋಚನೆ ಮಾಡಿದ ಒಂದು ದೊಡ್ಡ ಕಂಪನಿ ಇತ್ತು” ಎಂದು ಅವರು 1962ರ ಅಮೆರಿಕದ ಕಥೆ ಹೇಳಿದರು. ಕ್ವಾಲಿಸ್‌ನಲ್ಲಿ ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿ, ನಾವು ಪ್ರಾರ್ಥನೆಗೆ ನಿಂತ ಹಾಗೆ ಇರುತ್ತವೆ. ‘ವಿ’ ಎಂಜಿನ್ನಿನಲ್ಲಿ ಎರಡು ಸಾಲು. ಎರಡು ಅಂಗೈ ಜೋಡಿಸಿ ಬೆರಳ ತುದಿ ಅಗಲಿಸಿದರೆ ಕಾಣುವ ಹಾಗೆ ಓರೆಯಾಗಿ ನಿಂತಿರುತ್ತವೆ. ಹೊಗೆ ಎರಡು ಕಡೆಯಿಂದ ಬರುವುದರಿಂದ ಪೈಪುಗಳನ್ನು ಒಂದೆಡೆ ಕೂಡಿಸಬೇಕು, ಇಲ್ಲವೇ ಎರಡು ಟರ್ಬೊ ಹಾಕಬೇಕು. ಓಲ್ಡ್ಸ್‌ಮೊಬೈಲ್ ಕಂಪನಿಯವರು ತಮ್ಮ ಸಾಮಾನ್ಯ ಕಾರಿನ ಎಂಟು ಸಿಲಿಂಡರಿನ ‘ವಿ’ ಎಂಜಿನ್ನಿಗೆ ಒಂದು ಟರ್ಬೊ ಸೇರಿಸಿ, 215 ಅಶ್ವಶಕ್ತಿಯ ಜೆಟ್‌ಫೈರ್ ಎಂಬ ಕಾರು ಮಾಡಿದರು. ಆದರೆ 10.25ರಷ್ಟಿದ್ದ ಸಂಪೀಡನ ಅನುಪಾತವನ್ನು ಇಳಿಸಲಿಲ್ಲ. ಪೆಟ್ರೋಲ್ ಎಂಜಿನ್ನಿಗೆ ಅದು ಹೆಚ್ಚು. ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿ ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ. ಅದನ್ನು ತಣ್ಣಗಿಡಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆಂದೇ ಬೇರೆ ಟ್ಯಾಂಕಿ ಇಟ್ಟರು! ಜನ ಅದನ್ನು ತುಂಬಲು ಮರೆತರು. ದ್ರವ ಮುಗಿದರೆ ಕಾರಿನ ಶಕ್ತಿ ಇಳಿಯುತ್ತಿತ್ತು. ಎರಡೇ ವರ್ಷಕ್ಕೆ, 1963ರಲ್ಲಿ, ಆ ಕಾರನ್ನು ನಿಲ್ಲಿಸಿದರು. ಆಮೇಲೆ ಎಷ್ಟೋ ಕಾರುಗಳಿಂದ ಟರ್ಬೊ ಬಿಚ್ಚಿಸಿ ಸಾದಾ ಎಂಜಿನ್ ಮಾಡಿಸಿಕೊಂಡರಂತೆ. ದೊಡ್ಡ ಕಂಪನಿಯೇ ಹೀಗೆ ಮಾಡಿತ್ತು ಎಂದಾಗ ಚಿಕ್ಕಪ್ಪನ ಮೇಲಿದ್ದ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಚಿಕ್ಕಮ್ಮನದು ಇಳಿದಿಲ್ಲ.

ಮೇಸ್ತ್ರಿ ಅವತ್ತು ಕ್ವಾಲಿಸ್‌ನ ಏರ್ ಫಿಲ್ಟರ್ ಬಿಚ್ಚಿ ತೋರಿಸಿದರು. ನಮ್ಮ ಕೆಮ್ಮಣ್ಣಿನ ಧೂಳು ಮೆತ್ತಿ ಕಂಬಳಿಯ ಹಾಗೆ ಆಗಿತ್ತು. “ಮೂಗು ಮುಚ್ಚಿಕೊಂಡು ಜೋಗಿಮಟ್ಟಿ ಹತ್ತು ನೋಡಾನ” ಎಂದು ಚಿಕ್ಕಪ್ಪನಿಗೆ ಹೇಳಿ ಹೊಸದು ಹಾಕಿದರು. ನಾಲ್ಕು ನಾಜಲ್ಲುಗಳನ್ನೂ ಪರೀಕ್ಷೆಗೆ ಕಳಿಸಿದರು. ಈಗ ಗಾಡಿ ಮೊದಲಿಗಿಂತ ಹಗುರವಾಗಿ ಎಳೆಯುತ್ತದೆ. ಇನ್ನೋವಾದ ಹಾಗೆ ಏನಲ್ಲ.

ಗುಜರಿಯವರು ಟರ್ಬೊ ವಾಪಸ್ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪನನ್ನು ಕೇಳಿ ಅದನ್ನು ಶಾಲೆಗೆ ತಂದಿದ್ದೇನೆ. ಈ ಗೋಡೆ ಪತ್ರಿಕೆಯ ಕೆಳಗಿನ ಮೇಜಿನ ಮೇಲಿದೆ. ಒಂದು ಕಡೆಯ ಚಕ್ರ ತಿರುಗಿಸಿ ಇನ್ನೊಂದು ಕಡೆ ನೋಡಿ. ರೆಕ್ಕೆಗಳು ಚೂಪಾಗಿವೆ, ಚಿಕ್ಕ ತರಗತಿಯವರು ಮೇಷ್ಟ್ರು ಇದ್ದಾಗ ಮಾತ್ರ ಮುಟ್ಟಿ. ಯಾರೂ ಎತ್ತಿಕೊಂಡು ಹೋಗಬೇಡಿ, ಅದು ಚಿಕ್ಕಮ್ಮನ ಕೊಬ್ಬರಿ ದುಡ್ಡು.

– 7ನೇ ತರಗತಿ