ಹಗ್ಗ ಹಾರಿದಾಗ ಎದೆ ಡವಡವ ಏಕೆ?

ಮಕ್ಕಳೇ, ಆಟದ ಬಿಡುವಿನಲ್ಲಿ ನಿಮ್ಮ ಶಾಲೆಯ ಅಂಗಳವನ್ನು ಒಮ್ಮೆ ನೋಡಿ. ಒಂದು ಕಡೆ ಲಗೋರಿ, ಇನ್ನೊಂದು ಕಡೆ ಕುಂಟೆಬಿಲ್ಲೆ. ಮರದ ನೆರಳಿನಲ್ಲಿ ಇಬ್ಬರು ಮೂವರು ಹಗ್ಗ ಹಾರುತ್ತಿರುತ್ತಾರೆ. ಸ್ಕಿಪ್ಪಿಂಗ್ ಎಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಇದಕ್ಕೆ ದೊಡ್ಡ ಮೈದಾನ ಬೇಡ, ಎದುರಾಳಿ ಬೇಡ. ಒಂದು ತುಂಡು ಹಗ್ಗ ಸಾಕು.

ಅಂಗಡಿಯ ಬಣ್ಣದ ಹಗ್ಗವೇ ಆಗಬೇಕೆಂದಿಲ್ಲ. ತೀರ ಹಗುರವಾದ ಪ್ಲಾಸ್ಟಿಕ್ ದಾರ ಗಾಳಿಗೆ ಸಿಕ್ಕಿ ಓಲಾಡುತ್ತದೆ. ಸ್ವಲ್ಪ ಭಾರವಿರುವ ನೂಲಿನ ಹಗ್ಗ ಚೆನ್ನಾಗಿ ಸುತ್ತುತ್ತದೆ. ತೆಂಗಿನ ನಾರಿನ ಹಗ್ಗವೂ ಆದೀತು, ಆದರೆ ಅಂಗೈ ಉಜ್ಜದಂತೆ ತುದಿಗಳಿಗೆ ಬಟ್ಟೆ ಸುತ್ತಿಕೊಳ್ಳಿ. ಹಗ್ಗದ ನಡುವೆ ಎರಡೂ ಕಾಲಿಟ್ಟು ತುದಿಗಳನ್ನು ಮೇಲಕ್ಕೆಳೆಯಿರಿ. ಅವು ನಿಮ್ಮ ಕಂಕುಳಿನವರೆಗೆ ಬಂದರೆ ಅಳತೆ ಸರಿಯಾಗಿದೆ.

ಈಗ ಹಾರುವವರನ್ನು ಗಮನಿಸಿ. ಹೊಸದಾಗಿ ಕಲಿಯುವವರು ಕಪ್ಪೆಯಂತೆ ಎತ್ತರಕ್ಕೆ ನೆಗೆಯುತ್ತಾರೆ, ಇಪ್ಪತ್ತು ಎಣಿಸುವಷ್ಟರಲ್ಲಿ ದಣಿಯುತ್ತಾರೆ. ಪಳಗಿದವರು ನೆಲದಿಂದ ನಾಲ್ಕು ಬೆರಳಿಗಿಂತ ಹೆಚ್ಚು ಏಳುವುದೇ ಇಲ್ಲ. ಅಷ್ಟೇ ಸಾಕಾಗುತ್ತದೆಯೇ? ಲೆಕ್ಕ ಹಾಕೋಣ.

5 ಸೆಂಟಿಮೀಟರ್ ಎತ್ತರಕ್ಕೆ ಜಿಗಿದರೆ ನೀವು ಗಾಳಿಯಲ್ಲಿರುವುದು ಸುಮಾರು 0.2 ಸೆಕೆಂಡು. ಹಗ್ಗ ನಿಮಿಷಕ್ಕೆ 120 ಸುತ್ತು ತಿರುಗುತ್ತಿದೆ ಎನ್ನಿ, ಅಂದರೆ ಅರ್ಧ ಸೆಕೆಂಡಿಗೆ ಒಂದು ಸುತ್ತು. ಒಂದು ಸುತ್ತಿನಲ್ಲಿ ಹಗ್ಗದ ನಡುಭಾಗ ಸುಮಾರು 5 ಮೀಟರ್ ದೂರ ಸಾಗುತ್ತದೆ. ಹಾಗಾದರೆ ಅದರ ವೇಗ ಸೆಕೆಂಡಿಗೆ 10 ಮೀಟರ್. ನಿಮ್ಮ ಪಾದದ ಉದ್ದ 20 ಸೆಂಟಿಮೀಟರ್ ಇದ್ದರೆ, ಅದರ ಕೆಳಗೆ ನುಸುಳಲು ಹಗ್ಗಕ್ಕೆ ಬೇಕಾಗುವುದು ಒಂದು ಸೆಕೆಂಡಿನ 50ನೇ ಒಂದು ಭಾಗ ಮಾತ್ರ! ನಮಗೆ ಸಿಕ್ಕ ಸಮಯ ಅದರ ಹತ್ತು ಪಟ್ಟು. ಇನ್ನೊಂದು ಸೋಜಿಗವೆಂದರೆ, ಗಾಳಿಯಲ್ಲಿರುವ ಸಮಯವನ್ನು ಎರಡು ಪಟ್ಟು ಮಾಡಲು ನಾಲ್ಕು ಪಟ್ಟು ಎತ್ತರಕ್ಕೆ, ಅಂದರೆ 20 ಸೆಂಟಿಮೀಟರ್ ಜಿಗಿಯಬೇಕು. ಹಗ್ಗ ಕಾಲಿಗೆ ಸಿಗುವುದು ಜಿಗಿತ ಸಾಲದೆ ಅಲ್ಲ, ಹೆಚ್ಚಾಗಿ ಕೈ ಕಾಲುಗಳ ತಾಳ ತಪ್ಪಿ.

ಇಳಿಯುವಾಗ ಮುಂಗಾಲ ಮೇಲೆ, ಮೊಣಕಾಲನ್ನು ತುಸು ಬಗ್ಗಿಸಿ ಇಳಿಯಿರಿ. ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲವೇ? ಇದೂ ಹಾಗೆಯೇ. ಸಿಮೆಂಟಿನ ನೆಲಕ್ಕಿಂತ ಮಣ್ಣಿನ ಅಂಗಳ ಮೇಲು.

ಮಾಡಿ ನೋಡಿ: ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳುಗಳನ್ನು ಮೆಲ್ಲಗೆ ಒತ್ತಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರಲ್ಲೇ ಒಂದು ಮಿಡಿತವಿದ್ದು ಲೆಕ್ಕ ತಪ್ಪಿಸುತ್ತದೆ. ಅರ್ಧ ನಿಮಿಷದಲ್ಲಿ ನಾಡಿ ಎಷ್ಟು ಸಲ ಬಡಿಯಿತೆಂದು ಎಣಿಸಿ ಎರಡರಿಂದ ಗುಣಿಸಿ. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಅದು ನಿಮಿಷಕ್ಕೆ 70ರಿಂದ 100ರ ಒಳಗಿರುತ್ತದೆ. ಈಗ ಒಂದು ನಿಮಿಷ ಹಗ್ಗ ಹಾರಿ, ಕೂಡಲೇ ಮತ್ತೆ ಎಣಿಸಿ. ಈ ಬಾರಿ 15 ಸೆಕೆಂಡು ಮಾತ್ರ ಎಣಿಸಿ ನಾಲ್ಕರಿಂದ ಗುಣಿಸಿ. ಏಕೆಂದರೆ ನಿಂತ ಕೂಡಲೇ ಬಡಿತ ಇಳಿಯತೊಡಗುತ್ತದೆ, ನಿಧಾನ ಮಾಡಿದರೆ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಆಮೇಲೆ ಒಂದು, ಎರಡು, ಮೂರು ನಿಮಿಷಗಳಾದ ಮೇಲೆ ಮತ್ತೆ ಎಣಿಸಿ ಬರೆದಿಡಿ.

ಬಡಿತ ಏರಿದ್ದೇಕೆ? ಹಾರುವಾಗ ನಿಮ್ಮ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಬಿಡುವಿಲ್ಲದೆ ದುಡಿಯುತ್ತವೆ. ಅವಕ್ಕೆ ಸಕ್ಕರೆಯೂ ಆಮ್ಲಜನಕವೂ ಹೆಚ್ಚು ಬೇಕು. ಅಲ್ಲಿ ಉಂಟಾಗುವ ಇಂಗಾಲದ ಡೈಆಕ್ಸೈಡನ್ನು ಹೊರಗೆ ಸಾಗಿಸಬೇಕು. ಈ ಎರಡೂ ಕೆಲಸ ರಕ್ತದ್ದು. ಹಾಗಾಗಿ ನಿಮ್ಮ ಮುಷ್ಟಿಯಷ್ಟೇ ಗಾತ್ರದ ಹೃದಯ ಬೇಗಬೇಗ ರಕ್ತ ದೂಡುತ್ತದೆ, ಶ್ವಾಸಕೋಶಗಳೂ ಅವಸರದಿಂದ ಉಸಿರಾಡುತ್ತವೆ. ದಿನವೂ ಆಡುವವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡಲು ಕಲಿಯುತ್ತದೆ, ಬೇಗ ಮೊದಲಿನ ಸ್ಥಿತಿಗೆ ಬರುತ್ತದೆ. ಒಂದು ತಿಂಗಳು ದಿನಾ ಹಾರಿ, ಮತ್ತೆ ಎಣಿಸಿ, ಹಳೆಯ ಲೆಕ್ಕದೊಂದಿಗೆ ಹೋಲಿಸಿ. ಏದುಸಿರು ಬಿಡುವ ಗೆಳೆಯನನ್ನು ನೋಡಿ ನಗಬೇಡಿ, ಅವನ ಲೆಕ್ಕವನ್ನೂ ಬರೆದುಕೊಳ್ಳಿ.

ಹಗ್ಗ ಹಾರಿದರೆ ಉದ್ದ ಬೆಳೆಯುತ್ತಾರೆ ಎಂದು ಹೇಳುವುದನ್ನು ಕೇಳಿರಬಹುದು. ಅದು ನಿಜವಲ್ಲ. ಎತ್ತರ ತಂದೆತಾಯಿಯರಿಂದ ಬಂದ ಗುಣಕ್ಕೂ ನೀವು ಉಣ್ಣುವ ಆಹಾರಕ್ಕೂ ಸೇರಿದ್ದು. ಆದರೆ ಮೂಳೆ ಗಟ್ಟಿಯಾಗುವುದು ನಿಜ. ಮೂಳೆ ಕಲ್ಲಿನಂತೆ ಜಡವಲ್ಲ, ಅದರೊಳಗೆ ಜೀವಕೋಶಗಳು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುತ್ತಲೇ ಇರುತ್ತವೆ. ಮೈಭಾರ ಬಿದ್ದಷ್ಟೂ ಹೆಚ್ಚು ಕಟ್ಟುತ್ತವೆ. ಭಾರವೇ ತಿಳಿಯದ ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇರುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಸವೆಯುತ್ತದೆ! ಕಟ್ಟಲು ಸಾಮಗ್ರಿಯೂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಶಾಲೆಯಲ್ಲಿ ಕೊಡುವ ಹಾಲನ್ನು ಚೆಲ್ಲದೆ ಕುಡಿಯಿರಿ.

ಹುಡುಗಿಯರಿಗೆ ಒಂದು ಮಾತು. ಆರನೆಯ, ಏಳನೆಯ ತರಗತಿಗೆ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ "ಇನ್ನು ನೀನು ದೊಡ್ಡವಳಾದೆ, ಹಗ್ಗ ಹಾರಬೇಡ, ಗರ್ಭಕೋಶ ಜಾರುತ್ತದೆ" ಎನ್ನುತ್ತಾರೆ. ಅಜ್ಜಿ ಅಕ್ಕರೆಯಿಂದಲೇ ಹೇಳುತ್ತಾರೆ, ಆದರೆ ಆ ಭಯಕ್ಕೆ ಆಧಾರವಿಲ್ಲ. ಗರ್ಭಕೋಶವನ್ನು ಸ್ನಾಯುಗಳೂ ಗಟ್ಟಿ ಪಟ್ಟಿಗಳೂ ಹಿಡಿದಿಟ್ಟಿವೆ, ಆರೋಗ್ಯವಂತ ಹುಡುಗಿ ಹಾರಿದರೆ ಅದು ಜಾರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹೊಟ್ಟೆನೋವಿದ್ದರೆ ವಿಶ್ರಾಂತಿ ಪಡೆಯಿರಿ, ಇಲ್ಲದಿದ್ದರೆ ಆಡಬಹುದು. ಮೂಳೆ ಅತಿ ಹೆಚ್ಚು ಗಟ್ಟಿಯಾಗುವ ವಯಸ್ಸೇ ಅದು. ಆಗಲೇ ಆಟ ಬಿಡಿಸಿದರೆ ನಷ್ಟ ಯಾರಿಗೆ? ಈ ಪುಟವನ್ನು ಮನೆಗೆ ಒಯ್ದು ಅಮ್ಮನಿಗೆ ಓದಿ ಹೇಳಿ. ಹುಡುಗರೇ, ಇದು ಹುಡುಗಿಯರ ಆಟ ಎಂದು ದೂರ ನಿಲ್ಲಬೇಡಿ. ಕುಸ್ತಿ, ಬಾಕ್ಸಿಂಗ್ ಪಟುಗಳೂ ದಿನಾ ಹಗ್ಗ ಹಾರುತ್ತಾರೆ.

ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ತಲೆ ಸುತ್ತಿದರೆ, ಎದೆ ನೋವಾದರೆ ತಕ್ಷಣ ನಿಲ್ಲಿಸಿ ಶಿಕ್ಷಕರಿಗೆ ಹೇಳಿ. ಊಟವಾದ ಕೂಡಲೇ ಹಾರಬೇಡಿ.

ಕೊನೆಗೊಂದು ಪ್ರಶ್ನೆ. ಉದ್ದನೆಯ ಹಗ್ಗವನ್ನು ಇಬ್ಬರು ಎರಡು ತುದಿ ಹಿಡಿದು ತಿರುಗಿಸಲಿ. ಹಗ್ಗದ ನಡುವೆ ಒಂದು ಕೆಂಪು ಬಟ್ಟೆಯ ಚೂರು, ಕೈಯ ಹತ್ತಿರ ಇನ್ನೊಂದು ಚೂರು ಕಟ್ಟಿ. ಎರಡೂ ಒಂದೇ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತವೆ. ಹಾಗಾದರೆ ಎರಡರ ವೇಗವೂ ಒಂದೇ ಇರುತ್ತದೆಯೇ? ನೋಡಿ, ಚರ್ಚಿಸಿ, ನಿಮ್ಮ ಉತ್ತರವನ್ನು ಶಿಕ್ಷಕರಿಗೆ ತೋರಿಸಿ.