ನೀರಿನ ಸುದ್ದಿ ಮತ್ತು ಶಾಲಾ ಮಕ್ಕಳು: ಮಾಹಿತಿ ಪರಿಶೀಲನೆಯ ಪಾಠ

ಮಳೆಗಾಲದಲ್ಲಿ ಘಟಪ್ರಭಾ ದಂಡೆಯ ಗ್ರಾಮಗಳಿಗೆ ನೀರಿಗಿಂತ ಮೊದಲು ಸುದ್ದಿ ಬರುತ್ತದೆ. ಮನೆಯಲ್ಲಿ ಮೊಬೈಲ್ ಯಾರದೇ ಆಗಿರಲಿ, ಬಂದ ಸಂದೇಶವನ್ನು ಅಜ್ಜ–ಅಜ್ಜಿಯರಿಗೆ ಓದಿ ಹೇಳುವವರು ಹಲವೆಡೆ ಶಾಲೆಗೆ ಹೋಗುವ ಮಕ್ಕಳೇ. ಆದ್ದರಿಂದ ಸಂದೇಶವನ್ನು ಪರಿಶೀಲಿಸುವ ಕ್ರಮವನ್ನು ಮಕ್ಕಳಿಗೆ ಕಲಿಸುವುದು ಶಾಲೆಯ ಕೆಲಸವಷ್ಟೇ ಅಲ್ಲ, ಪಂಚಾಯತಿಯ ಕೆಲಸವೂ ಹೌದು.

ಪಾಠಕ್ಕಾಗಿ ಒಂದು ಕಲ್ಪಿತ ಸಂದೇಶವನ್ನು ತೆಗೆದುಕೊಳ್ಳಬಹುದು: "ಆಲಮಟ್ಟಿಯಿಂದ 5 ಲಕ್ಷ ಟಿಎಂಸಿ ನೀರು ಬಿಟ್ಟಿದ್ದಾರೆ. ಅನಗವಾಡಿ ಮುಳುಗಲಿದೆ. ಎಲ್ಲರಿಗೂ ಕಳುಹಿಸಿ." ಇದನ್ನು ಕರಿಹಲಗೆಯ ಮೇಲೆ ಬರೆದು, ಎಂಟನೆಯ ತರಗತಿಯ ಗಣಿತವೊಂದರಿಂದಲೇ ಅಳೆಯಲು ಸಾಧ್ಯ. ಟಿಎಂಸಿ ಎಂಬುದು ನೀರಿನ ಪ್ರಮಾಣ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಕ್ಯುಸೆಕ್ ಎಂಬುದು ಹರಿವಿನ ವೇಗ. ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಿರುವುದರಿಂದ ಸುಮಾರು 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿಯಾಗುತ್ತದೆ. ಆಲಮಟ್ಟಿ ಜಲಾಶಯದ ಒಟ್ಟು ಸಾಮರ್ಥ್ಯವೇ ಸುಮಾರು 123 ಟಿಎಂಸಿ. 2019ರ ಆಗಸ್ಟ್ ಪ್ರವಾಹದಲ್ಲಿ ಅಲ್ಲಿಂದ 5 ಲಕ್ಷ ಕ್ಯುಸೆಕ್‌ಗಿಂತ ಹೆಚ್ಚು ನೀರು ಹೊರಬಿಡಲಾಗಿತ್ತು. ಅಂಥ ಮಹಾಪೂರವೂ ದಿನಕ್ಕೆ 43 ಟಿಎಂಸಿಯ ಲೆಕ್ಕಕ್ಕೆ ಬರುತ್ತದೆ. 5 ಲಕ್ಷ ಟಿಎಂಸಿ ಎಂದು ಬರೆದವನಿಗೆ ಏಕಮಾನವೇ ತಿಳಿದಿಲ್ಲವೆಂಬುದನ್ನು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಎರಡನೆಯ ಪರೀಕ್ಷೆ ನಕಾಶೆಯದು. ಅನಗವಾಡಿ ಇರುವುದು ಆಲಮಟ್ಟಿಯ ಮೇಲ್ಭಾಗದಲ್ಲಿ, ಘಟಪ್ರಭೆಯ ದಂಡೆಯ ಮೇಲೆ. ಆಲಮಟ್ಟಿಯ ಗೇಟುಗಳನ್ನು ತೆರೆದರೆ ನೀರು ಕೆಳಗೆ ನಾರಾಯಣಪುರದತ್ತ ಸಾಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಇಲ್ಲಿನವರು ಗಮನಿಸಬೇಕಾದದ್ದು ಹಿಡಕಲ್ ಜಲಾಶಯದ ಹೊರಹರಿವು, ಅದರ ಕೆಳಗೆ ಸೇರುವ ಉಪನದಿಗಳ ನೀರು ಮತ್ತು ಆಲಮಟ್ಟಿಯ ಹಿನ್ನೀರಿನ ಮಟ್ಟ. ನದಿಯನ್ನು ದಿನವೂ ನೋಡುವ ಮಕ್ಕಳಿಗೆ ಇದು ಪಠ್ಯಪುಸ್ತಕದ ಯಾವ ಉದಾಹರಣೆಗಿಂತಲೂ ಬೇಗ ತಿಳಿಯುತ್ತದೆ.

ದಿನಾಂಕವಿಲ್ಲದ ಸಂದೇಶ ಇನ್ನೊಂದು ಬಗೆಯ ಮೋಸ. ಹಳೆಯ ಪ್ರವಾಹದ ಚಿತ್ರ ಹೊಸದಾಗಿ ತಿರುಗಬಹುದು. ಜಲಾಶಯದ ಈಗಿನ ಪೂರ್ಣ ಮಟ್ಟ 519.60 ಮೀಟರ್, ಉದ್ದೇಶಿತ ಮಟ್ಟ 524.256 ಮೀಟರ್, ಇವೆರಡನ್ನು ಬೆರೆಸಿ ಬರೆದರೆ ಮುಳುಗಡೆಯ ಅಂಚಿನ ರೈತ ಕುಟುಂಬಕ್ಕೆ ನಿದ್ದೆ ಬಾರದು.

ಸುಳ್ಳು ಸುದ್ದಿಯಿಂದ ಆಗುವ ಹಾನಿ ಬರಿಯ ಗಾಬರಿಯಲ್ಲಿ ನಿಲ್ಲುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಶಂಕಿಸಲಾಯಿತು. ಅವರ ಕಾರು ಹೋಗುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಆ ತಿಂಗಳುಗಳಲ್ಲಿ ದೇಶದಾದ್ಯಂತ ಹರಿದಾಡಿದ ಮಗು ಅಪಹರಣದ ವಿಡಿಯೊ ಒಂದು ವಾಸ್ತವವಾಗಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಈ ವಿಡಿಯೊದ ಮುಂದೆ ಏನಿತ್ತು, ಹಿಂದೆ ಏನಿತ್ತು ಎಂದು ಕೇಳುವ ಅಭ್ಯಾಸ ಇಂಥ ಕಡೆ ಜೀವ ಉಳಿಸಬಲ್ಲದು.

ಆದರೆ ಪರಿಶೀಲನೆಯ ಹೆಸರಿನಲ್ಲಿ ನಿಜವಾದ ಎಚ್ಚರಿಕೆಯನ್ನು ಅಲಕ್ಷಿಸುವಂತಾಗಬಾರದು. ಗ್ರಾಮ ಆಡಳಿತಾಧಿಕಾರಿ, ಪೊಲೀಸರು ಅಥವಾ ಪಂಚಾಯತಿಯ ಡಂಗುರ ಜಾಗ ಬಿಡಲು ಹೇಳಿದಾಗ ಮೊದಲು ಎತ್ತರದ ಸ್ಥಳಕ್ಕೆ ಹೋಗಬೇಕು, ಲೆಕ್ಕ ಆಮೇಲೆ. ಉಳಿದಂತೆ, ಸಂಶಯ ಬಂದ ಸಂದೇಶವನ್ನು ಮಗು ಹಿರಿಯರಿಗೆ ತೋರಿಸಲಿ, ಮುಂದಕ್ಕೆ ಕಳುಹಿಸದಿರಲಿ.

ಇಲ್ಲಿ ಸದಸ್ಯರ ಹೊಣೆ ಎದುರಾಗುತ್ತದೆ. "ಖಚಿತಪಡಿಸಿಕೊ" ಎಂದು ಮಗುವಿಗೆ ಹೇಳಿದ ಮೇಲೆ ಖಚಿತಪಡಿಸಿಕೊಳ್ಳಲು ಒಂದು ಸ್ಥಳ ಬೇಕು. ಸೂಚನಾ ಫಲಕದಲ್ಲಿ ಹೋದ ವರ್ಷದ ಪ್ರಕಟಣೆಯೇ ಬಿಸಿಲಿಗೆ ಹಳದಿಯಾಗಿ ತೂಗುತ್ತಿದ್ದರೆ ಯಾವ ಮಗುವೂ ಅದರ ಕಡೆ ನೋಡದು, ವಾಟ್ಸ್‌ಆ್ಯಪನ್ನೇ ನಂಬುತ್ತದೆ. ಗ್ರಂಥಾಲಯಗಳು ಪಂಚಾಯತಿಗಳ ಆಡಳಿತಕ್ಕೆ ಬಂದ ಮೇಲೆ, 2020ರ ನವೆಂಬರ್‌ನಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದ ಮೂಲಕ ಮಕ್ಕಳು ಅರಿವು ಕೇಂದ್ರಕ್ಕೆ ಬರಲು ದಾರಿಯಾಗಿದೆ. ಅಲ್ಲಿಯೇ ವಾರಕ್ಕೊಂದು ಗಂಟೆ ಈ ಪಾಠಕ್ಕೆ ಮೀಸಲಿಡಬಹುದು. ದಿನಪತ್ರಿಕೆ, ತಾಲ್ಲೂಕು ನಕಾಶೆ, ಕರಿಹಲಗೆ ಇದ್ದರೆ ಸಾಕು, ಪ್ರತ್ಯೇಕ ಅನುದಾನ ಬೇಕಿಲ್ಲ. ಮಕ್ಕಳ ಗ್ರಾಮ ಸಭೆಯಲ್ಲಿ ಅವರು ಪರಿಶೀಲಿಸಿದ ಸಂದೇಶಗಳನ್ನು ಓದಿಸಿದರೆ ಹಿರಿಯರೂ ಕೇಳುತ್ತಾರೆ.

ಮಳೆಗಾಲದ ತಿಂಗಳುಗಳಲ್ಲಿ ಹಿಡಕಲ್ ಹೊರಹರಿವನ್ನು ಕ್ಯುಸೆಕ್‌ನಲ್ಲಿ, ಆಲಮಟ್ಟಿಯ ಮಟ್ಟವನ್ನು ಮೀಟರ್‌ನಲ್ಲಿ, ದಿನಾಂಕ, ವೇಳೆ, ಮಾಹಿತಿ ನೀಡಿದ ಕಚೇರಿ ಮತ್ತು ಸಹಿಯೊಂದಿಗೆ ಪ್ರತಿದಿನ ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲು ಫಲಕದ ಮೇಲೆ ಬರೆಸುವ ಬಗ್ಗೆ ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ನಿರ್ಣಯಿಸಬಹುದು.